ಮಂಟಪ ಹತ್ತದವರ ಪಟ ತೆಗೆಯುವ ಲೀಲಾಧರ

ಬೆಳಗಿನ ಐದೂವರೆ. ಬೈಂದೂರಿನ ಪಕ್ಕದ ಯಡ್ತರೆಯ ಮದುವೆ ಮನೆಯಲ್ಲಿ ಮದುಮಗಳು ದಿವ್ಯಾ ಇನ್ನೂ ತಲೆ ಒಣಗಿಸಿಕೊಳ್ಳುತ್ತಿದ್ದಾಳೆ. ಹೆಮ್ಮಾಡಿಯಿಂದ ಸ್ಕೂಟರಿನಲ್ಲಿ ಬಂದ ಫೋಟೊಗ್ರಾಫರ್ ಲೀಲಾಧರ ಮೊಗವೀರ ಅವಳತ್ತ ನೋಡದೆ ನೇರ ಹಿತ್ತಿಲಿಗೆ ನಡೆಯುತ್ತಾರೆ. ಅಲ್ಲಿ ದಿವ್ಯಾಳ ಅಜ್ಜಿ ಅಮ್ಮಣಿ ಕಾಯಿ ತುರಿಯುತ್ತಿದ್ದಾರೆ. ಎಂಟಕ್ಕೆ ದಿಬ್ಬಣ ಹಾಲ್‌ಗೆ ಹೊರಡುತ್ತದೆ. ಅಜ್ಜಿ, ಮೊಮ್ಮಗಳ ಪಟ ಆದರೆ ಅಷ್ಟರೊಳಗೇ ಆಗಬೇಕು. ಗಂಡ ತೀರಿಕೊಂಡ ಹೆಂಗಸರು ಮಂಟಪ ಹತ್ತುವ ರೂಢಿ ಈ ಮನೆಯಲ್ಲಿಲ್ಲ.

ದಿವ್ಯಾಳ ಅಕ್ಕ ಪೂಜಿತಾಳ ಮದುವೆಯಲ್ಲಿ ಎಡವಿದ್ದು ಇಲ್ಲೇ. ಅಂದು ಮನೆಯವರು ಆಲ್ಬಮ್ ನೋಡಿ ಮರುಳಾಗಿ ದೊಡ್ಡ ಸ್ಟುಡಿಯೊ ಒಂದನ್ನು ಬುಕ್ ಮಾಡಿದ್ದರು. ಆಲ್ಬಮ್ ತೋರಿಸಿದವನೊಬ್ಬ, ಕ್ಯಾಮರಾ ಹಿಡಿದು ಬಂದವನು ಮತ್ತೊಬ್ಬ. ಮನೆಯವರು ಯಾರು, ಅಡುಗೆಯವರು ಯಾರು ಎಂಬುದೇ ಅವನಿಗೆ ಗೊತ್ತಿಲ್ಲ. ಡ್ರೋನ್ ಹಾರಿಸಿ ಹಾಲ್‌ನ ಛಾವಣಿಯನ್ನು ಮಾತ್ರ ಶೀಟು ಎಣಿಸುವಷ್ಟು ಚೆನ್ನಾಗಿ ತೆಗೆದ. ಮೀನಿನ ಬುಟ್ಟಿ ಹೊತ್ತು ಇಬ್ಬರು ಮೊಮ್ಮಕ್ಕಳನ್ನೂ ಓದಿಸಿದ ಅಜ್ಜಿ, ಆರುನೂರು ಪಟಗಳಲ್ಲಿ ಒಂದರಲ್ಲೂ ಇಲ್ಲ.

ಲೀಲಾಧರ ಮೀನುಗಾರರ ಮನೆಯವರೇ. ಆದರೆ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಹದಿನೇಳಕ್ಕೇ ಮುಂಬೈಯ ಸ್ಟುಡಿಯೊ ಸೇರಿ, ಕೆಲಸ ಕಲಿತು ಊರಿಗೆ ಮರಳಿದರು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಒಂದು ಕಾಲಕ್ಕೆ ವರ್ಷಕ್ಕೆ ನಲವತ್ತು ಮದುವೆ. ಈಗ ಹತ್ತೊಂಬತ್ತಕ್ಕೆ ಇಳಿದಿದೆ. ಡ್ರೋನ್ ಇಲ್ಲ ಎಂದೊಡನೆ ಎಷ್ಟೋ ಮಂದಿ ಫೋನ್ ಇಟ್ಟುಬಿಡುತ್ತಾರೆ. ಉಳಿದವರ ಮನೆಗೆ ಮದುವೆಗೆ ಮೊದಲೇ ಹೋಗಿ, ಚಾ ಕುಡಿದು, ಅಡುಗೆಮನೆಯಲ್ಲಿ ಯಾರಿದ್ದಾರೆಂದು ನೋಡಿ ಬರುವುದು ಇವರ ಪದ್ಧತಿ.

"ಚಂದದ್ ಆಲ್ಬಮ್ ಎಲ್ಲರ್ ಹತ್ರವೂ ಇತ್ತ್ ಮಾರಾಯ್ರೆ," ಎನ್ನುತ್ತಾರೆ ಅವರು, ಮದುವೆಗೆ ಫೋಟೊಗ್ರಾಫರ್ ಹುಡುಕುವವರಿಗೆ. "ಮದಿಗೆ ಕ್ಯಾಮರಾ ಹಿಡ್ಕಂಡ್ ಬಪ್ದ್ ಯಾರ್ ಅಂದೇಳಿ ಮೊದ್ಲ್ ಕೇಣಿ. ಆರ್ಸಿದ್ ಹತ್ತ್ ಪಟ ಬೇಡ, ಒಂದ್ ಮದಿದ್ ಇಡೀ ತೋರ್ಸಿ ಅನ್ನಿ. ಮತ್ತೆ ಯಾರ್ ಪಟ ಬೇಕೇ ಬೇಕ್ ಅಂಬ್ದ್ ಬರ್ದ್ ಕೊಡಿ. ನಿಮ್ ಅಜ್ಜಿ ಯಾರ್ ಅಂದೇಳಿ ನಂಗೆ ಹ್ಯಾಂಗ್ ಗೊತ್ತಾತ್ತ್?"

ದಿವ್ಯಾ ಬರೆದುಕೊಟ್ಟ ಚೀಟಿಯಲ್ಲಿ ಇರುವುದು ಒಂದೇ ಹೆಸರು, ಅಮ್ಮಣಿ. ಆದರೆ ಅಮ್ಮಣಿ ತಲೆ ಎತ್ತುವುದಿಲ್ಲ. "ಶುಭಕಾರ್ಯದ್ ದಿನ ನನ್ನ್ ಪಟ ಎಂತಕ್ಕೆ? ಹೆಣ್ಣಿನ್ ಪಟ ತೆಗಿ, ಹೋಗ್."

ಲೀಲಾಧರ ಒತ್ತಾಯಿಸುವುದಿಲ್ಲ. ದಿವ್ಯಾಳನ್ನು ಕರೆದು ಸುಮ್ಮನೆ ಪಕ್ಕದಲ್ಲಿ ಕೂರಿಸುತ್ತಾರೆ. ಒದ್ದೆ ಕೂದಲಿನ ಮೊಮ್ಮಗಳು ಅಜ್ಜಿಯ ಭುಜಕ್ಕೆ ಒರಗುತ್ತಾಳೆ. "ನೀ ಇಲ್ದಿದ್ ಆಲ್ಬಮ್ ನಂಗ್ ಬೇಡ ಅಜ್ಜಿ." ಅಮ್ಮಣಿ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಮೊಮ್ಮಗಳ ಕೆನ್ನೆ ಹಿಡಿಯುತ್ತಾರೆ. ಲೀಲಾಧರ ಕ್ಲಿಕ್ಕಿಸುತ್ತಾರೆ.

ಕ್ಯಾಮರಾದ ಪರದೆಯ ಮೇಲೆ ತನ್ನನ್ನು ತಾನು ಅಜ್ಜಿ ಬಗ್ಗಿ ನೋಡುತ್ತಾರೆ. ಕಣ್ಣು ತುಂಬಿದೆ.

"ಇದನ್ನ್ ಪೂಜಿತಾಗೂ ಒಂದ್ ಕಳ್ಸ್ ಮಗಾ. ಅವ್ಳ್ ಮದಿ ದಿನವೂ ನಾ ಹೀಂಗೇ ಇದ್ದಿದ್ದೆ ಅನ್ನ್."