ಜೋಗೇಶ್ವರಿಯ ಬಾವಿ, ದಾದರಿನ ನೀರು

ಐತ ಬಾಟಲಿ ತೊಳೆಯುವುದನ್ನು ಕಲಿತದ್ದು ಬೈಕುಲ್ಲಾದ ಒಂದು ಸೋಡಾ ಕಾರ್ಖಾನೆಯಲ್ಲಿ. ಕಾರ್ಕಳದ ಕಡೆಯಿಂದ ಬಂದು ಮಂಗಳೂರಿನಲ್ಲಿ ಹಡಗು ಹತ್ತಿದಾಗ ಅವನಿಗೆ ಹದಿನಾರು. ಊರಿನಲ್ಲಿ ಅವನ ಜಾತಿಯವರು ಬಾವಿಕಟ್ಟೆ ಹತ್ತುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿನಿಂದ ಹೊಯ್ದರೆ ದೂರ ನಿಂತು ಕೊಡ ಹಿಡಿಯಬೇಕಿತ್ತು. ಮುಂಬಯಿಯಲ್ಲಿ ಅದನ್ನೆಲ್ಲ ಯಾರೂ ಕೇಳಲಿಲ್ಲ. ಅವನ ಹೆಸರು ಕೇಳಿದರೆ ಅಲ್ಲಿನ ಮರಾಠಿಯವರಿಗಾಗಲಿ ಗುಜರಾತಿಯವರಿಗಾಗಲಿ ಏನೂ ಹೊಳೆಯುತ್ತಿರಲಿಲ್ಲ. ಕೇವಲ ಹೆಸರಾಗಿ ಉಳಿದ ಆ ಹೆಸರನ್ನು ಐತ ಹದಿನಾಲ್ಕು ವರ್ಷ ನೆಮ್ಮದಿಯಿಂದ ಹೊತ್ತು ತಿರುಗಿದ. ರಾತ್ರಿ ಶಾಲೆಗೆ ಹೋಗಿ ಓದು ಬರಹ ಕಲಿತ. ಶೀಲಾವತಿಯನ್ನು ಮದುವೆಯಾದ.

ಐವತ್ತೆಂಟರಲ್ಲಿ ಪರೇಲಿನ ಒಂದು ಬಾಡಿಗೆ ಕಟ್ಟಡದಲ್ಲಿ ನೀರು ಪರೀಕ್ಷೆ ಮಾಡುವ ಸಣ್ಣ ಪ್ರಯೋಗಾಲಯ ಶುರುವಾಯಿತು. ಹಣ ದೆಹಲಿಯ ಸಂಶೋಧನಾ ಮಂಡಳಿಯದು. ಉಪನಗರಗಳ ಎಷ್ಟೋ ವಾಡಿಗಳಿಗೆ ಆಗಿನ್ನೂ ನಲ್ಲಿ ಬಂದಿರಲಿಲ್ಲ. ಯಾವ ಬಾವಿಯ ನೀರು ಕುಡಿಯಬಹುದು, ಯಾವುದನ್ನು ಮುಚ್ಚಬೇಕು, ಪೈಪು ಮೊದಲು ಎಲ್ಲಿಗೆ ಹೋಗಬೇಕು ಎಂದು ತಿಳಿಸುವುದು ಅವರ ಕೆಲಸ. ಬಾಟಲಿ ತೊಳೆಯಲು ಸೇರಿದ ಐತನ ಚೊಕ್ಕತನ ನೋಡಿ ಆರೇ ತಿಂಗಳಲ್ಲಿ ಅವನನ್ನು ನೀರು ತರುವ ಕೆಲಸಕ್ಕೆ ಹಾಕಿದವಳು ಅಲ್ಲಿನ ರಸಾಯನ ಪರೀಕ್ಷಕಿ ವಿನೋದಿನಿ. ಮನೆತನ ಮಂಗಳೂರಿನದು, ಹುಟ್ಟಿ ಬೆಳೆದದ್ದು ಮಾಟುಂಗದಲ್ಲಿ, ಐತನ ಹೆಸರಿನಿಂದ ಅವಳಿಗೂ ಏನೂ ಹೊಳೆದಂತಿರಲಿಲ್ಲ. ಐತನಿಗಿಂತ ಚಿಕ್ಕವಳು, ಆದರೂ ಮೊದಲ ದಿನದಿಂದ ಅವನನ್ನು 'ನೀವು' ಎಂದೇ ಕರೆದಳು. ಊರ ಕಡೆಯವರ ಬಾಯಿಂದ ಐತ ಆ ಮಾತು ಕೇಳಿದ್ದು ಅದೇ ಮೊದಲು.

ನಿಯಮ ಸರಳವಾಗಿತ್ತು. ಒಲೆಯಲ್ಲಿ ಕಾಯಿಸಿ ಬಾಯಿಗೆ ಕಾಗದ ಕಟ್ಟಿ ತಂದ ಬಾಟಲಿಯನ್ನೇ ಅಲ್ಲಿ ಬಿಚ್ಚಿ ದಾರದಲ್ಲಿ ಬಾವಿಗೆ ಇಳಿಸಬೇಕು. ಬೇರೆ ಕೊಡದಿಂದ ಹೊಯ್ದ ನೀರು ನಡೆಯದು. ಕೊಡದ ಕೊಳೆಯೂ ಬಾವಿಯ ಲೆಕ್ಕಕ್ಕೆ ಬರುತ್ತದೆ.

ಮರುವರ್ಷ ಜೂನ್ ತಿಂಗಳ ಒಂದು ಶುಕ್ರವಾರ ಐತ ಜೋಗೇಶ್ವರಿಯ ವಾಡಿಯೊಂದಕ್ಕೆ ಹೋದ. ಇಪ್ಪತ್ತು ಮನೆಗಳಿಗೆ ಒಂದೇ ಬಾವಿ. ಕಟ್ಟೆಯ ಮೇಲೆ ನೀರು ಸೇದುತ್ತಿದ್ದ ಚಂದ್ರವ್ವ, ವಿಜಾಪುರದ ಕಡೆಯವಳು, ಈ ನೀರು ಕಾಯಿಸದೆ ಕುಡಿಯಬಹುದೇ ಎಂದು ಕೇಳಿದಳು. ಪರೀಕ್ಷೆಯಾದ ಮೇಲೆ ಕಾಗದ ಬರುತ್ತದೆ ಎಂದು ಐತ ಹೇಳುತ್ತಿರುವಾಗಲೇ ಪಕ್ಕದ ಚಾ ಹೋಟೆಲಿನಿಂದ ಅದರ ಯಜಮಾನ ಸದಾನಂದ ಬಂದ. ಐತನ ಕನ್ನಡದ ರಾಗ ಕೇಳಿ ತುಳುವಿನಲ್ಲಿ ಮಾತಿಗೆಳೆದ. ಎಷ್ಟೋ ದಿನಕ್ಕೆ ನಮ್ಮವರು ಸಿಕ್ಕಿದರೆಂದು ಖುಷಿಯಿಂದಲೇ ಊರು ಕೇಳಿದ, ಆಮೇಲೆ ಹೆಸರು ಕೇಳಿದ. ಹೆಸರು ಕೇಳಿದ ಮೇಲೆ ಮನೆ ಯಾವುದೆಂದೂ ಕೇಳಿದ. ಅಲ್ಲಿಗೆ ಅವನ ಮಾತು ಬಹುವಚನದಿಂದ ಏಕವಚನಕ್ಕೆ ಇಳಿಯಿತು. ದನಿಯನ್ನೇನೂ ಏರಿಸಲಿಲ್ಲ.

"ಬಾಟಲಿ ಇಳಿಸಬೇಡ. ನಾವು ಸೇದಿ ಹೊಯ್ಯುತ್ತೇವೆ, ನೀನು ಆಚೆ ನಿಂತು ಹಿಡಿ."

ಅಸ್ಪೃಶ್ಯತೆ ಅಪರಾಧ ಎಂಬ ಕಾಯಿದೆ ಬಂದು ನಾಲ್ಕು ವರ್ಷವಾಗಿತ್ತು. ಅದು ಐತನಿಗೂ ಗೊತ್ತಿತ್ತು, ಸದಾನಂದನಿಗೂ ಗೊತ್ತಿತ್ತು. ಚಂದ್ರವ್ವನಿಗೆ ತುಳು ತಿಳಿಯದು. ಇಬ್ಬರ ಮುಖ ನೋಡುತ್ತ ನಿಂತಿದ್ದಳು. ಹಾಗೆ ಹೊಯ್ದ ನೀರು ನಮ್ಮ ಆಫೀಸಿಗೆ ನಡೆಯುವುದಿಲ್ಲ ಎಂದಷ್ಟೇ ಹೇಳಿ ಐತ ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿಗೆ ನಡೆದ. ಲೋಕಲ್‌ನಲ್ಲಿ ಕೂತಾಗಲೂ ಕಿವಿ ಬಿಸಿಯಾಗಿಯೇ ಇತ್ತು. ವಿನೋದಿನಿಗೆ ಹೇಳಬೇಕು ಎಂದುಕೊಂಡ. ಹೇಳಿದರೆ ಏಕೆಂದು ಕೇಳುತ್ತಾಳೆ, ಆಗ ತಾನು ಯಾರೆಂದೂ ಹೇಳಬೇಕಾಗುತ್ತದೆ. ಆಮೇಲೆ ಅವಳ 'ನೀವು' ಉಳಿಯುತ್ತದೋ ಇಲ್ಲವೋ. ದಾದರಿನಲ್ಲಿ ಇಳಿದವನು ಪ್ಲಾಟ್‌ಫಾರ್ಮಿನ ನಲ್ಲಿಗೆ ಬಾಟಲಿ ಹಿಡಿದ. ಮುಂದಿನ ಮೂರು ಶುಕ್ರವಾರ ಜೋಗೇಶ್ವರಿಗೆ ಹೋಗಲೇ ಇಲ್ಲ, ದಾದರಿನ ನೀರಿಗೇ ಜೋಗೇಶ್ವರಿಯ ಚೀಟಿ ಅಂಟಿಸಿ ಕೊಟ್ಟ.

ಊರ ಹೊರಗಿನ ಬಾವಿಯ ನೀರಿನಲ್ಲಿ, ನಗರದ ನಲ್ಲಿ ನೀರಿಗೆ ಬೆರೆಸುವಂಥ ಕ್ಲೋರಿನ್ ಕಂಡು ವಿನೋದಿನಿಗೆ ಆಶ್ಚರ್ಯವಾಯಿತು. ಔಷಧಿಯ ಹನಿ ಬಿದ್ದ ಕೂಡಲೇ ನೀರು ಹಳದಿಗೆ ತಿರುಗುತ್ತಿತ್ತು. ಅಲ್ಲಿ ಯಾರೋ ತಾವಾಗಿಯೇ ಬ್ಲೀಚಿಂಗ್ ಪುಡಿ ಹಾಕುತ್ತಿದ್ದಾರೆ, ಯಾರವರು ಎಂದು ಐತನನ್ನು ಕೇಳಿದಳು. ಐತನ ಬಾಯಿಗೆ ಬಂದದ್ದು ಒಂದೇ ಹೆಸರು. ಹೋಟೆಲಿನ ಸದಾನಂದ ಎಂದ. ಜನ ತಾವೇ ಮನಸ್ಸು ಮಾಡಿದರೆ ಬಾವಿಯನ್ನು ಹೇಗೆ ಇಟ್ಟುಕೊಳ್ಳಬಹುದು ಎಂಬುದಕ್ಕೆ ಈ ವಾಡಿ ಮಾದರಿ ಎಂದು ವಿನೋದಿನಿ ವರದಿಯಲ್ಲಿ ಬರೆದಳು. ಬರೆದದ್ದನ್ನು ಅವನಿಗೂ ಓದಿ ಹೇಳಿದಳು. ನೀರು ಕುಡಿಯಲು ಯೋಗ್ಯ ಎಂಬ ಕಾಗದ ವಾಡಿಗೆ ಹೋಯಿತು.

ಆಗಸ್ಟಿನ ಹೊತ್ತಿಗೆ ಆ ವಾಡಿಯ ಏಳು ಜನ ವಿಷಮಶೀತ ಜ್ವರದಿಂದ ಆಸ್ಪತ್ರೆ ಸೇರಿದ್ದರು. ಸುದ್ದಿ ಕೇಳಿ ವಿನೋದಿನಿ ಮರುದಿನ ತಾನೇ ಬರುತ್ತೇನೆಂದಳು. ಐತ ಆ ಸಂಜೆಯೂ ಹೇಳಲಿಲ್ಲ. ಬೆಳಿಗ್ಗೆ ಅವಳ ಹಿಂದೆ ಪರೀಕ್ಷೆಯ ಪೆಟ್ಟಿಗೆ ಹೊತ್ತು ನಡೆದ.

ವಿನೋದಿನಿ ಬಾವಿಯಿಂದ ನೀರು ತೆಗೆದು, ಹನಿ ಬಿಟ್ಟು, ಬೆಳಕಿಗೆ ಹಿಡಿದಳು. ನೀರು ಬಣ್ಣ ತಿರುಗದೆ ಹಾಗೇ ಇತ್ತು. ಇನ್ನೊಮ್ಮೆ ಮಾಡಿದಳು. ಸದಾನಂದನನ್ನು ಕರೆದು, ಪುಡಿ ಹಾಕುವುದನ್ನು ಯಾವಾಗ ನಿಲ್ಲಿಸಿದಿರಿ ಎಂದು ಕೇಳಿದಳು. ಯಾವ ಪುಡಿ ಎಂದು ಅವನು ಕಣ್ಣು ಬಿಟ್ಟ. ಅವನ ಬೆನ್ನ ಹಿಂದೆ ಹೋಟೆಲಿನ ಗೋಡೆಯ ಮೇಲೆ ಆ ಕಾಗದ ಅಂಟಿಸಿತ್ತು.

"ನಾನು ಇಲ್ಲಿಯ ನೀರು ತೆಗೆಯಲಿಲ್ಲ ಅಕ್ಕ," ಎಂದ ಐತ. "ನಾಲ್ಕು ಬಾಟಲಿಯೂ ದಾದರಿನ ನಲ್ಲಿಯದ್ದು."

ಯಾಕೆಂದು ವಿನೋದಿನಿ ಕೇಳಿದಳು. ಕಾರಣ ಅಲ್ಲೇ ಮೂರು ಮಾರು ದೂರದಲ್ಲಿ, ಹೆಗಲಿಗೆ ಬಟ್ಟೆ ಹಾಕಿಕೊಂಡು ನಿಂತಿತ್ತು. ಸದಾನಂದ ನೆಲ ನೋಡುತ್ತಿದ್ದ. ಬೆರಳು ತೋರಿಸಿದ್ದರೆ ಸಾಕಿತ್ತು, ಐತನಿಗೆ ಆಗಲಿಲ್ಲ. ಕಟ್ಟೆಯ ಬಳಿ ಚಂದ್ರವ್ವ ಬರಿಗೈಯಲ್ಲಿ ನಿಂತಿದ್ದಳು. ಅವಳ ಏಳು ವರ್ಷದ ಮಗ ಸಂಗಪ್ಪ ಆಸ್ಪತ್ರೆಯಲ್ಲಿದ್ದ.

"ನೀವು ಬರ್ಲಿಲ್ಲಂತ ನನಗ ಗೊತ್ತಿತ್ರೀ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ದಿನಾ ಇದ ಕಟ್ಟಿ ಮ್ಯಾಲ ಇರಾಕಿ ನಾ. ಆದ್ರ ಕಾಗದ ಬಂತಲ್ರೀ. ದೊಡ್ಡ ಆಫೀಸಿನವ್ರು, ಬರದಿದ್ರೂ ತಿಳ್ಕೋತಾರ ಅನ್ಕೊಂಡೆ. ನೀರು ಕಾಸೂದು ಬಿಟ್ಟೆ."

ಐತನ ತಲೆ ಮೇಲೇಳಲಿಲ್ಲ. ಊರಿನ ಬಾವಿಯ ಬಳಿ ನಿಂತಾಗ ಆಗುತ್ತಿದ್ದ ನಾಚಿಕೆ ಬೇರೆಯವರು ಅವನ ಮೇಲೆ ಹೊರಿಸಿದ್ದು. ಅದನ್ನು ಹೊರುವುದು ಅವನಿಗೆ ಗೊತ್ತಿತ್ತು. ಇದು ಅವನದೇ. ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ.

ಹಿಂದಿರುಗುವಾಗ ಜೋಗೇಶ್ವರಿಯ ಪ್ಲಾಟ್‌ಫಾರ್ಮಿನಲ್ಲಿ ಅವನು ಎಲ್ಲ ಹೇಳಿದ. ತನ್ನ ಜಾತಿಯನ್ನೂ ಹೇಳಿದ. ಒಂದು ಗಾಡಿ ಬಂದು ಹೋಯಿತು, ಇಬ್ಬರೂ ಹತ್ತಲಿಲ್ಲ.

"ನೀವು ಅವತ್ತೇ ಬಂದು ಹೇಳಿದ್ದರೆ ನಾನು ಅವರ ಮೇಲೆ ಸಿಟ್ಟಾಗ್ತಿದ್ದೆ," ಎಂದಳು ವಿನೋದಿನಿ ಕೊನೆಗೆ. "ಈಗ ಯಾರ ಮೇಲೆ ಆಗ್ಬೇಕು ಅಂತ ಗೊತ್ತಾಗುವುದಿಲ್ಲ. ನಾನಾದರೂ ಒಮ್ಮೆ ಬಂದು ನೋಡಬಹುದಿತ್ತು."

'ನೀವು' ಉಳಿದಿತ್ತು. ಅದು ಐತನಿಗೆ ಇನ್ನಷ್ಟು ಚುಚ್ಚಿತು.

ಹಿಂದಿನ ವರದಿ ತಪ್ಪು, ಬಾಟಲಿಗಳು ಆ ಬಾವಿಯವಲ್ಲ ಎಂದು ವಿನೋದಿನಿ ತನ್ನ ಸಹಿ ಹಾಕಿ ಮಂಡಳಿಗೂ ನಗರದ ಆರೋಗ್ಯ ಖಾತೆಗೂ ಬರೆದಳು. ಬಾವಿಯ ಪಕ್ಕದ ಒಡೆದ ಚರಂಡಿ ಸಿಕ್ಕಿತು, ದುರಸ್ತಿಯಾಯಿತು, ನಿಜವಾಗಿಯೂ ಪುಡಿ ಬಿತ್ತು. ಏಳು ಜನರಲ್ಲಿ ಆರು ಜನ ಗುಣವಾಗಿ ಮನೆಗೆ ಬಂದರು. ಸಂಗಪ್ಪನ ಒಂದು ಕಿವಿ ಮಂದವಾಯಿತು. ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಒಬ್ಬ ಮುದುಕ ಮಾತ್ರ ಬರಲಿಲ್ಲ. ಅವನಿಗೆ ಮೊದಲೇ ಎದೆಯ ರೋಗವಿತ್ತು, ನೀರಿನಿಂದಲೇ ಸತ್ತನೆಂದು ಹೇಳಲಾಗದು ಎಂದರು ಡಾಕ್ಟರು. ಶೀಲಾವತಿ ಆ ಮಾತನ್ನು ಗಂಡನಿಗೆ ಮತ್ತೆ ಮತ್ತೆ ಹೇಳಿದಳು.

ಒಂದು ವರ್ಷ ಐತನನ್ನು ಬಾಟಲಿ ತೊಳೆಯುವ ಕೆಲಸಕ್ಕೇ ಹಾಕಿದರು. ಆಮೇಲೆ ವಿನೋದಿನಿಯೇ ಹಠ ಮಾಡಿ ಅದೇ ವಾಡಿಗೆ ಕಳಿಸಿದಳು. ಅವನು ಕಟ್ಟೆ ಹತ್ತಿ ಬಾಟಲಿ ಇಳಿಸಿದಾಗ ಸದಾನಂದ ಹೋಟೆಲಿನಿಂದ ಹೊರಗೆ ಬರಲಿಲ್ಲ. ಯಾರೂ ತಡೆಯಲಿಲ್ಲ. ಚಂದ್ರವ್ವ ಮಾತ್ರ ಕೆಲಸ ಬಿಟ್ಟು ಬಂದು, ಅವನು ಮುಚ್ಚಳ ಹಾಕಿ ಚೀಟಿ ಬರೆಯುವವರೆಗೆ ಪಕ್ಕದಲ್ಲೇ ನಿಂತಳು. ಅವಳಿಗೆ ಓದು ಬಾರದು.

"ಏನ್ ಬರದ್ರಿ, ಓದ್ರಿ," ಎಂದಳು.

ಐತ ಊರು, ಬಾವಿ, ತಾರೀಕು ಓದಿದ. ಅವಳು ತಲೆಯಾಡಿಸಿ ಹೋದಳು. ವಾಡಿಗೆ ನಲ್ಲಿ ಬರಲು ಇನ್ನೂ ಎರಡು ವರ್ಷ ಹಿಡಿಯಿತು. ಅಷ್ಟು ಶುಕ್ರವಾರವೂ ಅವಳು ಬಂದು ನಿಂತಳು, ಅವನು ತಲೆ ತಗ್ಗಿಸಿಕೊಂಡೇ ಓದಿ ಹೇಳಿದ.