ಮಾವನ ಬಿಯರು, ಹೇರಳೆಯ ವಾಸನೆ

ಕತ್ತರಿಯಿಂದ ಪೊಟ್ಟಣದ ಮೂಲೆ ಕತ್ತರಿಸಿದೆ. ಯಾರೋ ಪಕ್ಕದಲ್ಲೇ ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿದಂತಾಯಿತು. ಒಳಗಿರುವುದು ಹೇರಳೆಯಲ್ಲ, ಹಾಪ್ಸ್. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಬಳ್ಳಿಯ ಹೂವು. ಒಣಗಿಸಿ, ಪುಡಿಮಾಡಿ, ಒತ್ತಿ, ಕೋಳಿಗೆ ಹಾಕುವ ತಿಂಡಿಯಂಥ ಹಸಿರು ತುಣುಕುಗಳಾಗಿ ಬರುತ್ತದೆ. ಇದರಲ್ಲಿ ನಾನಾ ತಳಿಗಳಿವೆ. ಮಣ್ಣಿನ ವಾಸನೆಯವು, ಹುಲ್ಲಿನ ವಾಸನೆಯವು. ನನ್ನ ಕೈಯಲ್ಲಿರುವುದು ಕಿತ್ತಳೆ, ಚಕ್ಕೋತ, ಹೇರಳೆಗಳ ನೆಂಟನಂತೆ ನಟಿಸುವ ತಳಿ. ನನ್ನ ಮಾವ ಬಳಸುತ್ತಿದ್ದದ್ದು ಇದೊಂದನ್ನೇ.

ಮಾವ ಎಂದರೆ ಅಮ್ಮನ ಅಣ್ಣ. ಅವರು ಹೋಗಿ ವರ್ಷ ತುಂಬಿತು. ಬರುವ ಪಿತೃಪಕ್ಷದ ಅಮಾವಾಸ್ಯೆಗೆ ಅವರಿಗೆ ಮೊದಲ ಎಡೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಸತ್ತವರಿಗೆ ಇಷ್ಟವಾಗಿದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಮುದ್ದೆ, ಮಾಂಸದ ಸಾರು, ವಡೆ. ಕುಡಿಯುತ್ತಿದ್ದವರಾದರೆ ಅದೂ ಒಂದು ಲೋಟ. ಮತ್ತೆ ಒಳಗೆ ಹೋಗುವ ಮುನ್ನ ಕೆಮ್ಮಬೇಕು. ಊಟಕ್ಕೆ ಕೂತವರಿಗೆ ಮುಜುಗರವಾಗಬಾರದಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು, ಇದನ್ನೆಲ್ಲ ನಂಬುವುದಿಲ್ಲ. ಆದರೂ ಪ್ರತಿ ವರ್ಷ ಮೊದಲು ಕೆಮ್ಮುವವನು ನಾನೇ.

"ಅಂಗಡೀದು ಇಡ್ಬೇಡ ಕಣೋ. ಅವ್ರು ಮಾಡ್ತಿದ್ರಲ್ಲ, ಅದನ್ನೇ ಮಾಡು. ನಿಂಗ್ ಬರುತ್ತಲ್ಲ," ಎಂದು ಅತ್ತೆ ಹೇಳಿದ್ದರಿಂದ ಮೂರು ವಾರ ಮೊದಲೇ ಬಾಣಸವಾಡಿಯ ಅವರ ಮನೆಗೆ ಬಂದಿದ್ದೇನೆ. ಬರುತ್ತದೆಯೇ ಎಂಬುದೇ ಪ್ರಶ್ನೆ.

ಮಾವ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಒಮ್ಮೆ ಅವರನ್ನು ಇಂದಿರಾನಗರದ ಪಬ್ಬಿಗೆ ಕರೆದುಕೊಂಡು ಹೋಗಿದ್ದೆ. ಸಂಜೆ ಎಂದು ನೆನಪು. ಆದರೆ ನನ್ನ ನೆನಪಿನಲ್ಲಿ ಎಲ್ಲವೂ ಸಂಜೆಯೇ ನಡೆಯುತ್ತದೆ. ಒಂದು ಗುಟುಕು ಕುಡಿದು, "ಇದಕ್ಕೆ ಹೇರಳೆಕಾಯಿ ಹಿಂಡವ್ರೆ ಕಣೋ," ಎಂದರು. ನಾನು ಹಾಪ್ಸಿನ ಬಗ್ಗೆ ವಿವರಿಸಿದೆ. ಅವರಿಗೆ ವಿವರಣೆ ಬೇಕಿರಲಿಲ್ಲ. "ಎಲ್ಲಿ ಸಿಗುತ್ತೆ?" ಎಂದರು.

ಅವರ ಹಿತ್ತಲಿನಲ್ಲಿ ಒಂದು ಹೇರಳೆ ಮರವಿತ್ತು. ಬಾಡಿಗೆ ಮನೆ ಕಟ್ಟಿಸುವಾಗ ಮಾವ ಅದನ್ನು ಕಡಿಸಿದ್ದರು. ಅತ್ತೆ ಅಂದಿನಿಂದ ಉಪ್ಪಿನಕಾಯಿ ಹಾಕುವುದನ್ನೇ ನಿಲ್ಲಿಸಿದರಂತೆ.

ಹೀಗೆ ಮಾವನ ಬಿಯರು ಶುರುವಾಯಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಆ ಸಿಹಿನೀರನ್ನು ಒಂದು ಗಂಟೆ ಕುದಿಸಬೇಕು. ಆರಿದ ಮೇಲೆ ಯೀಸ್ಟ್ ಬೆರೆಸಿ ಮೂರು ವಾರ ಹುದುಗಲು ಬಿಡಬೇಕು. ಹಾಪ್ಸನ್ನು ಯಾವಾಗ ಹಾಕುತ್ತೇವೆ ಎಂಬುದೇ ಮುಖ್ಯ. ಮೊದಲೇ ಹಾಕಿದರೆ ಕಹಿ ಇಳಿಯುತ್ತದೆ, ಪರಿಮಳ ಹಬೆಯಲ್ಲಿ ಹೋಗುತ್ತದೆ. ಒಲೆ ಆರಿಸಿದ ಮೇಲೆ ಹಾಕಿದರೆ ಪರಿಮಳ ಉಳಿಯುತ್ತದೆ. ಇದನ್ನು ನನಗೆ ಕಲಿಸಿದವರು ಮಾವ ಎಂದು ಇವತ್ತು ಬೆಳಿಗ್ಗೆಯವರೆಗೂ ಪ್ರಮಾಣ ಮಾಡಿ ಹೇಳುತ್ತಿದ್ದೆ. ಒಲೆ ಆರಿಸಿ, ಸೌಟು ಕೆಳಗಿಟ್ಟು, "ಈಗ ಹಾಕು" ಎಂದ ಅವರ ದನಿ ಕೂಡ ಕಿವಿಯಲ್ಲಿತ್ತು.

ಹಾಗೆಂದು ಹೇಳಿದಾಗ, ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರದಿಂದ ತಲೆಯೆತ್ತಿದರು.

"ಅವರೆಲ್ಲಿ ಹೇಳಿದ್ರು? ನೀನಲ್ವೇನೋ ಹೇಳಿದ್ದು? ಆರ್ಮುಗಂ ಅವರೆಲ್ಲ ಬಂದಿದ್ದ ದಿವ್ಸ."

ಆರ್ಮುಗಂ ಹಲಸೂರಿನವರು, ಕಾರ್ಖಾನೆಯಲ್ಲಿ ಮಾವನ ಪಕ್ಕದ ಯಂತ್ರದಲ್ಲಿದ್ದವರು. ಆ ಹೆಸರು ಕಿವಿಗೆ ಬಿದ್ದದ್ದೇ ಒಂದು ಇಡೀ ಭಾನುವಾರ ಎದುರು ಬಂದು ನಿಂತಿತು. ಹಾಪ್ಸನ್ನು ಮೊದಲೇ ಸುರಿದು ಪೂರ್ತಿ ಒಂದು ಗಂಟೆ ಕುದಿಸಿದ್ದ ಬಿಯರನ್ನು ಮಾವ ಗೆಳೆಯರಿಗೆ ಹಂಚುತ್ತಿದ್ದರು. ನಾನು ರುಚಿ ನೋಡಿ, ಎಲ್ಲರಿಗೂ ಕೇಳುವಂತೆ, "ಇದು ಬಿಯರಲ್ಲ ಮಾವ, ಕಷಾಯ," ಎಂದೆ.

"ಅದಕ್ಕೇ ನೋಡು ಗುರು, ನನ್ ಕೆಮ್ಮು ಹೋಯ್ತು! ಇನ್ನೊಂದ್ ಗ್ಲಾಸ್ ಹಾಕು," ಎಂದರು ಆರ್ಮುಗಂ.

ಎಲ್ಲರೂ ನಕ್ಕರು. ಮಾವನೂ ನಕ್ಕರು. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ತೈಲಗಳು ಆವಿಯಾಗುವ ಬಗೆಯನ್ನು ಪಾಠದಂತೆ ಒಪ್ಪಿಸಿ, "ಘಮ ಎಲ್ಲಾ ಗಾಳಿಗೆ ಹೋಗುತ್ತೆ ಮಾವ, ವೇಸ್ಟು," ಎಂದೆ.

"ಹೋಗ್ಲಿ ಬಿಡೋ. ಗಾಳಿ ಏನ್ ಬೇರೆಯವ್ರದಾ?" ಎಂದರು ಅವರು, ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತ.

ಮುಂದಿನ ಸಲ ನಾನೇ ಪಕ್ಕದಲ್ಲಿ ನಿಂತು ಮಾಡಿಸಿದೆ. ಬಿಯರು ಚೆನ್ನಾಗಿ ಬಂತು, ಎಲ್ಲರೂ ಹೊಗಳಿದರು, ಮಾವ ಆಮೇಲೆ ಯಾವತ್ತೂ ಹಾಗೆಯೇ ಮಾಡಿದರು. "ಈಗ ಹಾಕು" ಎಂದ ದನಿ, ಹಾಗಾದರೆ, ನನ್ನದು. ನನ್ನ ಆಜ್ಞೆಯನ್ನು ಅವರ ಬಾಯಲ್ಲಿಟ್ಟು, ಅದನ್ನೇ ಮಾವ ಕಲಿಸಿದ ವಿದ್ಯೆ ಎಂದು ಇಷ್ಟು ವರ್ಷ ಪ್ರೀತಿಯಿಂದ ಕಾಪಾಡಿಕೊಂಡು ಬಂದಿದ್ದೆ. ಅಥವಾ ಅತ್ತೆಯ ನೆನಪೇ ತಪ್ಪಿರಬಹುದೇ? ಆ ಆಸೆಯಿಂದಲೇ ಕೇಳಿದೆ: "ನಿಮಗೆ ಸರಿಯಾಗಿ ಜ್ಞಾಪಕ ಇದ್ಯಾ ಅತ್ತೆ? ನೀವು ಅದನ್ನ ಕುಡಿದೇ ಇಲ್ವಲ್ಲ."

"ಕುಡೀದಿದ್ರೇನು, ಮೂಗಿಲ್ವಾ?" ಎಂದರು. ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು. "ಮೊದಲೆಲ್ಲಾ ಅವ್ರು ಕುದಿಯಕ್ಕಿಟ್ರೆ ಹಾಲ್‌ವರೆಗೂ ಹೇರಳೆಕಾಯಿ ವಾಸ್ನೆ ಬರೋದು. ನಾನೂ ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕ್ಕೊಂಡು ಕೂತ್ಕೋತಿದ್ದೆ. ನೀನ್ ಹೇಳಿದ್ಮೇಲೆ ಅದು ನಿಂತೋಯ್ತು."

ದೂರುವ ದನಿಯಲ್ಲ. ಮೊರ ಕೊಡವಿ ಎದ್ದು ಹೋದರು.

ಮಾವ ಅತ್ತೆಗಾಗಿಯೇ ಹಾಗೆ ಕುದಿಸುತ್ತಿದ್ದರೋ, ಬರೀ ಗೊತ್ತಿಲ್ಲದೆಯೋ, ನಾನು ಹೇಳಲಾರೆ. ಕೇಳಲು ಅವರಿಲ್ಲ, ಇದ್ದಿದ್ದರೂ ನಕ್ಕು ಲೋಟ ಎತ್ತಿಕೊಂಡು ಹೋಗುತ್ತಿದ್ದರು. ಕಡಿದ ಮರದ ಮಾತನ್ನು ಗಂಡ ಹೆಂಡತಿ ಎಂದೂ ಆಡಲಿಲ್ಲ ಎಂಬುದಷ್ಟೇ ಗೊತ್ತು. ಅದೂ ಕೇಳಿ ತಿಳಿದದ್ದು.

ಈಗ ಮಾವನ ದೊಡ್ಡ ಡಬರಿಯಲ್ಲಿ ಸಿಹಿನೀರು ಕುದಿಯಲು ತೊಡಗಿದೆ. ಹಾಪ್ಸ್ ಹಾಕಲು ಇನ್ನೊಂದು ಗಂಟೆ ಕಾದರೆ ಒಳ್ಳೆಯ ಬಿಯರಾಗುತ್ತದೆ. ಕಾಯಲಿಲ್ಲ. ಪೊಟ್ಟಣವನ್ನು ಪೂರ್ತಿ ಸುರಿದೆ. ಹಸಿರು ನೊರೆ ಅಂಚಿನವರೆಗೂ ಉಕ್ಕಿತು. ಸೌಟಿನಿಂದ ಕಲಕಿ ಇಳಿಸಿದೆ. ಎಡೆಯ ಲೋಟದಲ್ಲಿ ಉಳಿಯುವುದು ಕಹಿ ಮಾತ್ರ, ಅದು ಗೊತ್ತಿದೆ. ಹಬೆ ಮುಖಕ್ಕೆ ಬಡಿಯಿತು. ಅಭ್ಯಾಸಬಲದಿಂದ ಕಿಟಕಿ ತೆರೆದೆ.

ಹಿಂದೆ, ಬಾಗಿಲ ಬಳಿ, ಕುರ್ಚಿ ಎಳೆದ ಸದ್ದಾಯಿತು.

"ಆ ಕಿಟಕಿ ಮುಚ್ಚೋ," ಎಂದರು ಅತ್ತೆ.

ಮುಚ್ಚಿದೆ.