ನಿಂತವರ ಚೀಲ

ದೊಡ್ಡ ಕೂಸೇ, ಸಣ್ಣ ಮಾಣೀ, ನಿಮ್ಮ ಅಜ್ಜಿಯ ಮೇಲೆ ಒಂದು ಕಾಲದಲ್ಲಿ ಗಾಂಜಾ ಕೇಸು ಇತ್ತು ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಹೊರಗಿನವರ ಬಾಯಲ್ಲಿ ಕೇಳುವುದಕ್ಕಿಂತ ನನ್ನ ಬರಹದಲ್ಲೇ ಓದಿ. ಎದುರು ಕೂತು ಹೇಳಲು ನನಗೆ ನಾಚಿಕೆ.

ಇದು ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ನಿಮ್ಮ ಅಜ್ಜ ತೀರಿಹೋಗಿದ್ದರು, ನಿಮ್ಮ ಅಪ್ಪನಿಗೆ ಹೆಣ್ಣು ಹುಡುಕುತ್ತಿದ್ದೆವು. ಎನ್.ಆರ್. ಪುರದ ಅಕ್ಕನ ಮನೆಗೆಂದು ಕೊಪ್ಪದಲ್ಲಿ ಬಸ್ಸು ಹತ್ತಿದೆ. ಸೀಟು ಸಿಕ್ಕಿತು. ಆಮೇಲೆ ಬಸ್ಸು ತುಂಬಿತು. ನಮ್ಮ ಕಡೆ ಕೂತವರು ನಿಂತವರ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಚೀಲ ಬರುತ್ತದೆ, ಕೈ ಚಾಚುತ್ತೇವೆ. ಹೆಗಲಿಗೆ ಟವೆಲು ಹಾಕಿದವನೊಬ್ಬನ ಬಟ್ಟೆ ಚೀಲ ಹಾಗೆಯೇ ನನ್ನ ಮಡಿಲಿಗೆ ಬಂತು. ಮೇಲೆ ಹಲಸಿನ ಹಪ್ಪಳದ ಕಟ್ಟು ಕಾಣುತ್ತಿತ್ತು. ಹಪ್ಪಳ ಮುರಿದೀತೆಂದು ಅಲುಗದೆ ಕೂತಿದ್ದೆ.

ದಾರಿಯಲ್ಲಿ ಅಬಕಾರಿಯವರು ಬಸ್ಸು ನಿಲ್ಲಿಸಿದರು. ಗಾರ್ಡ್ ಒಬ್ಬ ಹಪ್ಪಳದ ಅಡಿಯಿಂದ ಪೊಟ್ಟಣ ತೆಗೆದು ಮೂಸಿದ.

"ಯಾರದಮ್ಮ ಇದು?"

ತಿರುಗಿ ನೋಡಿದೆ. ಟವೆಲಿನವನು ಹಿಂದಿನ ಬಾಗಿಲಿನಿಂದ ಇಳಿದಾಗಿತ್ತು. ಚೀಲ ನನ್ನ ಮಡಿಲಲ್ಲೇ ಇತ್ತು, ಅಷ್ಟು ಜನರ ಎದುರು ನನ್ನನ್ನೇ ಇಳಿಸಿ ಕೇಸು ಹಾಕಿದರು.

ಮಾಲು ಸ್ವಲ್ಪವೇ ಇದ್ದುದರಿಂದ ಜಾಮೀನು ಬೇಗ ಸಿಕ್ಕಿತು. ಕೇಸು ಮಾತ್ರ ಎನ್.ಆರ್. ಪುರದ ಕೋರ್ಟಿನಲ್ಲಿ ಎಳೆಯಿತು. ನಿಮ್ಮ ಅಪ್ಪ ಬೇಸತ್ತ.

"ಅಮಾ, ತಪ್ಪಾಯ್ತು ಅಂತ ಒಪ್ಕಂಬಿಡು. ದಂಡ ಕಟ್ಟಿ ಬರಣ."

"ಒಪ್ಕಂಡ್ರೆ ನಾನು ಗಾಂಜಾದವ್ಳು ಅಂತ್ಲೇ ಆಗ್ತದಲ್ಲ ಮಾರಾಯ. ನಾಳೆ ನಿನ್ ಹೆಂಡ್ತಿ ಕೇಳಿದ್ರೆ ಎಂತ ಹೇಳ್ಲಿ?"

"ಈ ಕೇಸು ಮುಗೀದೆ ಹೆಂಡ್ತಿ ಎಲ್ಲಿಂದ ಬರ್ತಾಳೆ!"

ಅಕ್ಕ ಗೊತ್ತು ಮಾಡಿದ ವಕೀಲರು ಹೆಂಗಸು. ಅದರಿಂದ ನನಗೆ ಅರ್ಧ ಧೈರ್ಯ ಬಂತು.

"ಗುರ್ತಿಲ್ಲದವನ ಚೀಲ ಎಂತಕ್ಕೆ ತಗೊಂಡ್ರಿ ಅಮ್ಮ?"

"ಅವ ನಿಂತಿದ್ದ."

"ಅಷ್ಟೇನಾ?"

"ಮತ್ತೆಂತ ಬೇಕು?"

ಅವರು ನಕ್ಕರು. "ನಂಗೆ ಸಾಕು, ನಾನೂ ಬಸ್ಸಲ್ಲೇ ಬರದು. ಕೋರ್ಟಿಗೆ ಸಾಲ್ಬೇಕಲ್ಲ."

ಗಾರ್ಡಿನ ಸಾಕ್ಷಿಯ ದಿನ ನಾನು, ನಿಮ್ಮ ಅಪ್ಪ ಬಸ್ಸಿನಲ್ಲಿ ಹೊರಟೆವು. ನಡುದಾರಿಯಲ್ಲಿ ಹತ್ತಿದವರ ನೂಕಾಟದಲ್ಲಿ ಯಾರದೋ ರೆಕ್ಸಿನ್ ಚೀಲ ನನ್ನ ತೊಡೆಗೆ ಬಂತು. ಹಿಡಿದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ ತಲೆ ಎತ್ತಿದರೆ, ಅದೇ ಗಾರ್ಡ್! ಅವನೂ ನನ್ನನ್ನು ನೋಡಿದ. ಇಬ್ಬರೂ ಕಿಟಕಿಯ ಆಚೆ ನೋಡಿದೆವು. ಇಳಿಯುವಾಗ "ಕೊಡಿ ಅಮ್ಮ" ಎಂದು ಮೆಲ್ಲಗೆ ತೆಗೆದುಕೊಂಡ.

ಕೋರ್ಟಿನ ಜಗಲಿಯಲ್ಲಿ ವಕೀಲರು ಮೊಬೈಲು ಎತ್ತಿ ಹಿಡಿದು ಸಿಗ್ನಲ್ಲು ಹುಡುಕುತ್ತಿದ್ದರು. ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿ, ನಮ್ಮ ಕೇಸು ಕರೆಯುವ ಹೊತ್ತಿಗೆ ಗಾರ್ಡಿನ ಚೀಲದ ಸಂಗತಿ ಹೇಳಿದೆ.

"ಅಯ್ಯೋ ಮಾರಾಯ್ರೆ, ಇದನ್ನ ಈಗ ಹೇಳದಾ!"

ಒಳಗೆ ಅವರು ಗಾರ್ಡನ್ನು ಕೇಳಿದರು. "ಇವತ್ತು ಬಸ್ಸಲ್ಲಿ ನಿಮ್ಮ ಚೀಲ ಯಾರ ಹತ್ರ ಇತ್ತು?"

"ಆ ಅಮ್ಮನ ಹತ್ರ."

"ಒಳಗೆ ಎಂತ ಇತ್ತು ಅಂತ ಅವರಿಗೆ ಗೊತ್ತಿತ್ತಾ?"

"ಇಲ್ಲ. ಅವ್ರು ನೋಡಿಲ್ಲ."

"ಎಂತ ಇತ್ತು?"

"ಊಟದ ಡಬ್ಬಿ... ಒಂದು ಬಾಟ್ಲಿ." ಎಲ್ಲರೂ ನೋಡಿದ್ದು ಕಂಡು ಗಾಬರಿಯಿಂದ, "ಕಷಾಯ ಸ್ವಾಮಿ, ಕೆಮ್ಮಿಗೆ!" ಎಂದ. ಜಡ್ಜಿಯವರೂ ತಲೆ ತಗ್ಗಿಸಿ ನಕ್ಕಂತಿತ್ತು.

ಮುಂದಿನ ಸಲ ನಾನೇ ಹೇಳಬೇಕಾಗಿ ಬಂತು. "ಅವ ನಿಂತಿದ್ದ, ನಾನು ಕೂತಿದ್ದೆ. ಒಳಗೆ ನೋಡೋ ಅಭ್ಯಾಸ ನಮಗಿಲ್ಲ," ಎಂದೆ. ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದರು. ಆಗ ಗಟ್ಟಿಯಾಗಿಯೇ ಹೇಳಿದೆ. ಶಾಲೆಯಲ್ಲಿ ಪದ್ಯ ಒಪ್ಪಿಸುವಾಗಲೂ ನನ್ನ ಸ್ವರ ಅಷ್ಟು ಎದ್ದಿರಲಿಲ್ಲ.

ಬಿಡುಗಡೆಯಾಯಿತು. ತೀರ್ಪು ಕೇಳಿದ ದಿನ ನಿಮ್ಮ ಅಪ್ಪ ಹೋಟೆಲಿಗೆ ಕರೆದುಕೊಂಡು ಹೋದ. ಮೂಲೆ ಹುಡುಕದೆ, ನಡುವಿನ ಮೇಜಿನಲ್ಲೇ ಕೂತು ಬನ್ಸು ತಿಂದು ಕಾಫಿ ಕುಡಿದೆ. ಅಷ್ಟು ರುಚಿಯ ಬನ್ಸು ಮತ್ತೆ ಸಿಕ್ಕಿಲ್ಲ.

ತೀರ್ಪಿನ ನಕಲು ನನ್ನ ಟ್ರಂಕಿನಲ್ಲಿದೆ. ಅದರ ತುಂಬ ನನ್ನನ್ನು ಆರೋಪಿ ಎಂದೇ ಬರೆದಿದ್ದಾರೆ, ಹಪ್ಪಳದ ಮಾತೇ ಇಲ್ಲ. ಆದ್ದರಿಂದ ಈ ಹಾಳೆಗಳನ್ನೂ ಅದರ ಜೊತೆಗೇ ಇಡಿ, ಗೆದ್ದಲು ಹಿಡಿಯದ ಹಾಗೆ ನೋಡಿಕೊಳ್ಳಿ.